ಆ ನಲವತ್ತು ಡಿಗ್ರಿ ಎಲ್ಲಿಂದ ಬಂತು: ಸಕಲೇಶಪುರದ ಒಂದು ಡ್ರೈಯರ್ ಮತ್ತು ಒಬ್ಬ ಎಂಜಿನಿಯರಿಂಗ್ ಪದವೀಧರೆ

2022ರ ಡಿಸೆಂಬರ್ ಎರಡನೆಯ ವಾರ. ಮ್ಯಾಂಡಸ್ ಚಂಡಮಾರುತ ತಮಿಳುನಾಡಿನ ಕರಾವಳಿಯನ್ನು ದಾಟಿದ ಮೇಲೆ ಸಕಲೇಶಪುರದ ಕಡೆ ಬಿಸಿಲು ಸರಿಯಾಗಿ ಕಾಣಿಸಲೇ ಇಲ್ಲ. ಅರೇಬಿಕಾ ಕೊಯ್ಲಿನ ನಟ್ಟನಡುವಿನ ಕಾಲ. ಕಣದಲ್ಲಿ ಹರಡಿದ್ದ, ಹಣ್ಣಿನ ಸಿಪ್ಪೆ ಕಳೆದ ಪಾರ್ಚ್‌ಮೆಂಟ್ ಕಾಫಿಯ ಮೇಲೆ ಟಾರ್ಪಾಲು, ಟಾರ್ಪಾಲಿನ ಮೇಲೆ ನೀರು. ಇಂಥ ಹೊತ್ತಿಗೆ ಇರಲಿ ಎಂದೇ ಅಲ್ಲಿನ ಬೆಳೆಗಾರರೊಬ್ಬರು ಆ ವರ್ಷ ಸೌದೆ ಒಲೆಯಿಂದ ಬಿಸಿಗಾಳಿ ಊದುವ ಡ್ರೈಯರ್ ಹಾಕಿಸಿದ್ದರು. ಅದರ ಕಂಟ್ರೋಲ್ ಪ್ಯಾನೆಲ್ ಹಾಸನದ ನನ್ನ ವರ್ಕ್‌ಶಾಪಿನಲ್ಲಿ ತಯಾರಾದದ್ದು. ಡ್ರೈಯರ್ ಮೂರು ಹಗಲು, ಮೂರು ರಾತ್ರಿ ಓಡಿತು. ಸೌದೆ ರಾಶಿ ಕರಗಿತು. ಕಾಫಿ ಮಾತ್ರ ಒಣಗಲಿಲ್ಲ.

ಈ ಬರಹ ಆ ಡ್ರೈಯರನ್ನು ಕುರಿತದ್ದು, ಅದನ್ನು ನೋಡಿಕೊಂಡು ಬಾ ಎಂದು ನಾನು ಕಳಿಸಿದ ಹೊಸ ಎಂಜಿನಿಯರಿಂಗ್ ಪದವೀಧರೆಯನ್ನು ಕುರಿತದ್ದು. ಕಾಲೇಜು ಮಕ್ಕಳನ್ನು ಕೆಲಸಕ್ಕೆ ತಯಾರು ಮಾಡುತ್ತಿದೆಯೇ ಎಂಬ ವಿಷಯದ ಮೇಲೆ ನಡೆಯುವ ವಿಚಾರ ಸಂಕಿರಣಗಳಲ್ಲಿ ನಾನೂ ಕುಳಿತಿದ್ದೇನೆ, ಮಧ್ಯಾಹ್ನದ ಊಟ ಮಾಡಿ ಎದ್ದು ಬಂದಿದ್ದೇನೆ. ಅಲ್ಲಿ ಕೇಳಿದ ಮಾತುಗಳು ಒಂದೂ ನೆನಪಿಲ್ಲ. ಈ ಡ್ರೈಯರ್ ನೆನಪಿದೆ. ಯಾರ ಹೆಸರನ್ನೂ ಬರೆದಿಲ್ಲ. ತಪ್ಪಿತಸ್ಥರ ಪಟ್ಟಿ ಮಾಡಿದರೆ ಮೊದಲ ಸಾಲಿನಲ್ಲಿ ನಾನೇ ಬರುತ್ತೇನೆ, ಅದನ್ನು ಮುಂದೆ ಹೇಳುತ್ತೇನೆ.

ಆಕೆ ಬಂದ ದಾರಿ

ಬೇಲೂರು ತಾಲ್ಲೂಕಿನ ಹಳ್ಳಿಯ ಹುಡುಗಿ. ಅಪ್ಪನಿಗೆ ಆಲೂಗಡ್ಡೆ, ಶುಂಠಿ, ಒಂದಿಷ್ಟು ಜೋಳ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಹಾಸನದಲ್ಲಿ ಪಿಯುಸಿ, ಸಿಇಟಿಯಲ್ಲಿ ಸಿಕ್ಕ ಸೀಟು, ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಷನ್ ವಿಭಾಗ. 2018ರಲ್ಲಿ ಸೇರಿ 2022ರಲ್ಲಿ ಮುಗಿಸಿದಳು. ಒಂದು ಬ್ಯಾಕ್‌ಲಾಗೂ ಇಲ್ಲ, ಎಲ್ಲ ಸೆಮಿಸ್ಟರಿನಲ್ಲೂ ಮೊದಲ ದರ್ಜೆ.

ಹಾಸನಕ್ಕೆ ಎಂಜಿನಿಯರಿಂಗ್ ಶಿಕ್ಷಣ ಹೊಸದೇನಲ್ಲ, 1960ರಿಂದ ಇದೆ. ನಾನು ಓದಿದ್ದು ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಹುಟ್ಟುವ ಮೊದಲು, ಪದವಿ ಪತ್ರದ ಮೇಲೆ ಮೈಸೂರು ವಿಶ್ವವಿದ್ಯಾಲಯದ ಗಂಡಭೇರುಂಡ ಇರುತ್ತಿದ್ದ ಕಾಲದಲ್ಲಿ. 1998ರಲ್ಲಿ ವಿಟಿಯು ಬಂದ ಮೇಲೆ ಬೀದರಿನ ಹುಡುಗನೂ ಬೇಲೂರಿನ ಹುಡುಗಿಯೂ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವಂತಾಯಿತು. ಅದರಲ್ಲಿ ಒಂದು ನ್ಯಾಯವಿದೆ, ಅಲ್ಲಗಳೆಯುವುದಿಲ್ಲ. ಆದರೆ ಪತ್ರಿಕೆಯ ಅಚ್ಚು ಎಲ್ಲರಿಗೂ ಬಾಯಿಪಾಠವಾಗಿದೆ: ಐದು ಮಾಡ್ಯೂಲು, ಒಂದೊಂದರಿಂದ ಎರಡು ಪ್ರಶ್ನೆ, ಎರಡರಲ್ಲಿ ಒಂದನ್ನು ಬರೆದರೆ ಸಾಕು. ಯಾವ ಪ್ರಶ್ನೆ ಬರಬಹುದು, ಯಾವುದನ್ನು ಬಿಡಬಹುದು ಎಂಬ ಲೆಕ್ಕಾಚಾರದಲ್ಲಿ ಮಕ್ಕಳು ಪಳಗುತ್ತಾರೆ. ಹಾಸ್ಟೆಲುಗಳಲ್ಲಿ ‘ಪಾಸಿಂಗ್ ಪ್ಯಾಕೇಜ್’ ಎಂಬ ಹೆಸರಿನಲ್ಲಿ ಓಡಾಡುವ ಜೆರಾಕ್ಸ್ ಕಟ್ಟುಗಳು ಆ ಲೆಕ್ಕಾಚಾರದ ಫಲ.

ಈಕೆಯ ತಂಡಕ್ಕೆ ಇನ್ನೊಂದು ಪೆಟ್ಟೂ ಬಿತ್ತು. ನಾಲ್ಕನೆಯ ಸೆಮಿಸ್ಟರ್ ಶುರುವಾಗಿ ಸ್ವಲ್ಪ ದಿನಕ್ಕೆ, 2020ರ ಮಾರ್ಚಿನಲ್ಲಿ, ಕಾಲೇಜು ಮುಚ್ಚಿತು. ಆಮೇಲೆ ಬಹಳ ಕಾಲ ಪ್ರಯೋಗಾಲಯವೆಂದರೆ ಮೊಬೈಲ್ ಪರದೆ. ಮನೆಯ ಹತ್ತಿರ ಸಿಗ್ನಲ್ ಸಿಗುತ್ತಿದ್ದುದು ಶುಂಠಿ ಗದ್ದೆಯ ಬದುವಿನ ಮೇಲೆ, ಅಲ್ಲಿ ಕುಳಿತು ಆಸಿಲೋಸ್ಕೋಪಿನ ಚಿತ್ರ ನೋಡಿದೆ ಎಂದು ಹೇಳಿದಳು. ನಾಲ್ಕು ವಾರದ ಕಡ್ಡಾಯ ಇಂಟರ್ನ್‌ಶಿಪ್ಪೂ ಪರದೆಯ ಮೇಲೆಯೇ ನಡೆಯಿತು. ದುಡ್ಡು ಕಟ್ಟಿ, ವಿಡಿಯೊ ನೋಡಿ, ಸರ್ಟಿಫಿಕೇಟು ಪಡೆದದ್ದು.

ಅಂತಿಮ ವರ್ಷದ ಪ್ರಾಜೆಕ್ಟಿನ ಬಗ್ಗೆ ಸಂದರ್ಶನದಲ್ಲಿ ಕೇಳಿದೆ. ಮಣ್ಣಿನ ತೇವ ನೋಡಿ ಪಂಪ್ ತಾನೇ ಚಾಲೂ ಆಗುವ ವ್ಯವಸ್ಥೆ. ಈ ಪ್ರಾಜೆಕ್ಟನ್ನು ಮಾಡದ ತಂಡ ನಮ್ಮ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಸೆನ್ಸರಿನಿಂದ ಬರುವ ಅಂಕೆ 600 ದಾಟಿದರೆ ಪಂಪ್ ಚಾಲೂ ಎಂದಳು.

“600 ಯಾಕೆ?”

“ಪ್ರೋಗ್ರಾಮಿನಲ್ಲಿ ಹಾಗೆ ಇತ್ತು ಸರ್.”

ಪ್ರಾಜೆಕ್ಟಿನಲ್ಲಿ ಬಳಸಿದ ಬೋರ್ಡು ಸೆನ್ಸರಿನ ವೋಲ್ಟೇಜನ್ನು 0ಯಿಂದ 1023ರವರೆಗಿನ ಅಂಕೆಯಾಗಿ ಬದಲಿಸುತ್ತದೆ, ಹತ್ತು ಬಿಟ್ಟಿನ ಲೆಕ್ಕ, ಅದು ಆಕೆಗೆ ಚೆನ್ನಾಗಿ ಗೊತ್ತಿತ್ತು. 600 ಎಂದರೆ ಅವರ ಗದ್ದೆಯ ಕೆಮ್ಮಣ್ಣಿನಲ್ಲಿ ಎಷ್ಟು ತೇವ ಎಂಬುದು ಗೊತ್ತಿರಲಿಲ್ಲ. ಪ್ರದರ್ಶನ ನಡೆದದ್ದು ಒಂದು ಪೇಪರ್ ಲೋಟದ ಮಣ್ಣಿನಲ್ಲಿ. ಲೋಟ ಮಾತ್ರ ಯಾವತ್ತೂ ಕೈಕೊಡಲಿಲ್ಲ ಎಂದು ನಕ್ಕಳು. ಆ ನಗುವಿಗಾಗಿಯೇ ಅವಳನ್ನು ತೆಗೆದುಕೊಂಡೆ ಎಂದರೆ ಸುಳ್ಳಲ್ಲ.

ಕ್ಯಾಂಪಸ್ ಆಯ್ಕೆಯಲ್ಲಿ ಬೆಂಗಳೂರಿನ ದೊಡ್ಡ ಸಾಫ್ಟ್‌ವೇರ್ ಕಂಪನಿಯೊಂದು ಅವಳಿಗೆ ಆಗಲೇ ಪತ್ರ ಕೊಟ್ಟಿತ್ತು. ಸೇರುವ ದಿನಾಂಕ ಮಾತ್ರ ಮುಂದೆ ಮುಂದೆ ಹೋಗುತ್ತಿತ್ತು. ಮನೆಯಲ್ಲಿ ಸುಮ್ಮನೆ ಕೂರುವ ಬದಲು ಎಂದು 2022ರ ಅಕ್ಟೋಬರಿನಲ್ಲಿ ನಮ್ಮಲ್ಲಿ ಅಪ್ರೆಂಟಿಸ್ ಆಗಿ ಸೇರಿದಳು. ಆಗಿನ ನಿಯಮದಂತೆ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ, ಅದರಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತಿತ್ತು. ಹಾಸನದಲ್ಲಿ ಅಡಿಕೆ ಸುಲಿಯುವವರೂ ಇದಕ್ಕಿಂತ ಹೆಚ್ಚು ಗಳಿಸುತ್ತಾರೆ ಎಂದು ಅವಳ ಅಪ್ಪ ನನ್ನೆದುರೇ ಅಂದರು. ನಾನು ಉತ್ತರ ಕೊಡಲಿಲ್ಲ.

ಡ್ರೈಯರ್ ಹೇಗೆ ಕೆಲಸ ಮಾಡಬೇಕಿತ್ತು

ಪಲ್ಪರಿನಲ್ಲಿ ಸಿಪ್ಪೆ ಕಳೆದು, ತೊಳೆದ ಪಾರ್ಚ್‌ಮೆಂಟ್ ಕಾಫಿಯನ್ನು ತೇವ ನೂರಕ್ಕೆ ಹತ್ತಕ್ಕೆ ಇಳಿಯುವವರೆಗೆ ಒಣಗಿಸಬೇಕು. ಅದಕ್ಕಿಂತ ಹೆಚ್ಚು ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಮುಗ್ಗಲು ವಾಸನೆ ಬರುತ್ತದೆ, ಕಾಫಿಯನ್ನು ಹಸನು ಮಾಡುವ ಕ್ಯೂರಿಂಗ್ ವರ್ಕ್ಸಿನವರು ದರದಲ್ಲಿ ಮುರಿದುಕೊಳ್ಳುತ್ತಾರೆ. ಬೇಗ ಒಣಗಲಿ ಎಂದು ಕಾಯಿಸಿದರೆ ಬೀಜ ಕೆಡುತ್ತದೆ. ಕಾಫಿಯ ಬಿಸಿ 40 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು, ಮೇಲೆ ಹೋಗಬಾರದು.

ಹಾಗಾಗಿ ಕಾಫಿಯ ಹಾಸಿನೊಳಗೆ ಒಂದು ಸೆನ್ಸರ್ ಹೂತಿರುತ್ತದೆ. ಅದು 40 ಮುಟ್ಟಿತು ಎಂದೊಡನೆ ಪ್ಯಾನೆಲ್ ಒಂದು ಬಾಗಿಲನ್ನು ತೆರೆದು, ಹೊರಗಿನ ತಣ್ಣನೆ ಗಾಳಿಯನ್ನು ಬಿಸಿಗಾಳಿಗೆ ಬೆರೆಸುತ್ತದೆ. ಇಷ್ಟೇ. ನವೆಂಬರಿನಲ್ಲಿ ಕೂರಿಸಿ ಬಂದಿದ್ದೆವು. ಆಗ ಬಿಸಿಲಿತ್ತು, ಕಾಫಿ ಮುಕ್ಕಾಲು ಪಾಲು ಕಣದಲ್ಲೇ ಒಣಗುತ್ತಿತ್ತು, ಡ್ರೈಯರಿನ ನಿಜವಾದ ಪರೀಕ್ಷೆ ಆಗಿರಲೇ ಇಲ್ಲ. ‘ಪರಿಶೀಲಿಸಲಾಗಿದೆ’ ಎಂಬ ಹಾಳೆಗೆ ಸಹಿ ಹಾಕಿದವನು ನಾನು.

ಮೊದಲ ಭೇಟಿ

ಮಳೆಯ ಎರಡನೆಯ ದಿನ ಬೆಳೆಗಾರರು ಫೋನ್ ಮಾಡಿದರು. ನಾನು ಬೇರೊಂದು ಕೆಲಸದಲ್ಲಿ ಸಿಕ್ಕಿಕೊಂಡಿದ್ದೆ, ಟ್ರೈನಿಯನ್ನು ಕಳಿಸಿದೆ. ಹಾಸನದಿಂದ ಸಕಲೇಶಪುರಕ್ಕೆ ನಲವತ್ತು ಕಿಲೋಮೀಟರು. ಅಲ್ಲಿಂದ ತೋಟದ ಜೀಪು.

ಆಕೆ ಮಾಡಿದ್ದನ್ನೆಲ್ಲ ಕ್ರಮವಾಗಿ ಬರೆದುಕೊಂಡು ಬಂದಿದ್ದಳು. ಕಂಟ್ರೋಲರಿನ ಸೆಟ್ಟಿಂಗುಗಳನ್ನು ಒಂದೊಂದಾಗಿ ಮ್ಯಾನ್ಯುಯಲ್ ಜೊತೆ ತಾಳೆ ನೋಡಿದ್ದಳು. ಕಂಟ್ರೋಲರ್ ತನ್ನ ನಿಯಂತ್ರಣವನ್ನು ತಾನೇ ಹೊಂದಿಸಿಕೊಳ್ಳುವ ಆಟೊಟ್ಯೂನ್ ಮಾಡಿದ್ದಳು. ಗಾಳಿಯ ಬಾಗಿಲು ತೆರೆದು ಮುಚ್ಚುವುದನ್ನು ಹತ್ತು ಸಲ ನೋಡಿದ್ದಳು. ಡಿಸ್‌ಪ್ಲೇ 40 ತೋರಿಸುತ್ತಿತ್ತು, ಒಮ್ಮೆ 39.8, ಒಮ್ಮೆ 40.1. ಪುಸ್ತಕದಲ್ಲಿ ಅಚ್ಚು ಹಾಕಬಹುದಾದ ನಿಯಂತ್ರಣ.

ತೋಟದ ರೈಟರು ಪಕ್ಕದಲ್ಲೇ ನಿಂತಿದ್ದರು. ತೋಟದ ಲೆಕ್ಕ, ಆಳುಗಳ ಹಾಜರಿ, ಕಾಫಿಯ ತೂಕ ಎಲ್ಲ ಅವರದೇ. ಮೂವತ್ತು ವರ್ಷದಿಂದ ಕಣ ನೋಡಿದವರು. ಅವರು ಮೊಣಕೈವರೆಗೂ ಕಾಫಿಯೊಳಗೆ ಕೈ ಇಳಿಸಿ, “ಬಿಸಿಯೇ ಇಲ್ಲವಲ್ಲ ಅಮ್ಮಾ” ಎಂದರಂತೆ.

“ನಲವತ್ತು ಡಿಗ್ರಿ ತೋರಿಸುತ್ತಿದೆಯಲ್ಲ” ಎಂದಳಂತೆ ಈಕೆ.

ರೈಟರು ಸುಮ್ಮನಾದರು. ಪ್ಯಾನೆಲಿನ ಮುಂದೆ, ಎಂಜಿನಿಯರಿಂಗ್ ಓದಿದವರ ಮುಂದೆ, ಅವರ ಕೈಗೆ ಏನು ಬೆಲೆ? ಸಂಜೆಯ ಬಸ್ಸಿಗೆ ವಾಪಸು ಬಂದು ಆಕೆ ವರದಿ ಬರೆದಳು: ವ್ಯವಸ್ಥೆ ಸಮರ್ಪಕವಾಗಿ ಕೆಲಸ ಮಾಡುತ್ತಿದೆ, ಹೊರಗಿನ ಹವೆಯಲ್ಲಿ ತೇವ ಹೆಚ್ಚಿರುವುದರಿಂದ ಒಣಗುವುದು ತಡವಾಗುತ್ತಿದೆ. ನಾನು ಓದಿದೆ, ಸರಿ ಎಂದೆ. ಆ ವಿವರಣೆಯಲ್ಲಿ ಅರ್ಧ ಸತ್ಯವೂ ಇತ್ತು, ಅದೇ ತೊಂದರೆ. ಅಪ್ಪಟ ಸುಳ್ಳಾಗಿದ್ದರೆ ನನ್ನ ಮೂಗಿಗೆ ಬಡಿಯುತ್ತಿತ್ತು.

ಎರಡು ದಿನ ಬಿಟ್ಟು ಮತ್ತೆ ಫೋನ್. ಒಂದಷ್ಟು ಚೀಲವನ್ನು ಹಾಸನದ ಕ್ಯೂರಿಂಗ್ ವರ್ಕ್ಸಿಗೆ ಕಳಿಸಿ ನೋಡಿಸಿದ್ದರು. ತೇವ ನೂರಕ್ಕೆ ಹದಿಮೂರು. ಬೆಳೆಗಾರರು ಕೂಗಾಡಲಿಲ್ಲ. “ನಿಮ್ಮ ಪೆಟ್ಟಿಗೆಯನ್ನು ತೆಗೆದುಕೊಂಡು ಹೋಗಿ ಸ್ವಾಮಿ, ನಮ್ಮ ರೈಟರ ಕೈ ಸಾಕು” ಎಂದರು. ಕೂಗಾಡಿದ್ದರೆ ವಾಸಿಯಿತ್ತು.

ವರ್ಕ್‌ಶಾಪಿನಲ್ಲಿ ಹತ್ತು ನಿಮಿಷ

ಆ ಸಂಜೆ ಟ್ರೈನಿಯನ್ನು ಕರೆದು ಎದುರಿಗೆ ಕೂರಿಸಿಕೊಂಡೆ.

“ಆ ನಲವತ್ತು ಎಲ್ಲಿಂದ ಬಂತು?”

“ಡಿಸ್‌ಪ್ಲೇಯಿಂದ ಸರ್.”

“ಡಿಸ್‌ಪ್ಲೇಗೆ?”

“ಸೆನ್ಸರಿನಿಂದ. ಪಿಟಿ-100.”

“ಪಿಟಿ-100 ಉಷ್ಣಾಂಶವನ್ನು ಹೇಳುತ್ತದೆಯೇ?”

ಒಂದು ಗಳಿಗೆ ಮಾತಿಲ್ಲ. ಆಮೇಲೆ ನಿಧಾನವಾಗಿ, “ಇಲ್ಲ ಸರ್. ಅದು ಬರೀ ರೆಸಿಸ್ಟೆನ್ಸ್. ಸೊನ್ನೆ ಡಿಗ್ರಿಯಲ್ಲಿ 100 ಓಮ್. ಒಂದೊಂದು ಡಿಗ್ರಿಗೆ 0.385 ಓಮ್ ಏರುತ್ತದೆ.”

ಅಷ್ಟು ಸ್ಪಷ್ಟವಾಗಿ ಹೇಳಿದಳು. ಅಂದರೆ ಗೊತ್ತಿತ್ತು. ಮೂರನೆಯ ಸೆಮಿಸ್ಟರಿನಲ್ಲಿ, ಕೋವಿಡ್‌ಗೂ ಮೊದಲು, ರೆಸಿಸ್ಟೆನ್ಸ್ ಅಳೆಯುವ ವೀಟ್‌ಸ್ಟನ್ ಬ್ರಿಜ್ಜಿನ ಸಮೀಕರಣವನ್ನು ಬಿಡಿಸಿ ಎಂಟು ಅಂಕ ಪಡೆದಿದ್ದಳು. ಇಷ್ಟು ತಿಳಿದವಳು ಡ್ರೈಯರಿನ ಎದುರು ಇಡೀ ದಿನ ನಿಂತರೂ ಆ ಎಂಟು ಅಂಕ ಅವಳ ನೆರವಿಗೆ ಬರಲಿಲ್ಲ. ಕೌಶಲದ ಕೊರತೆ ಎಂಬ ಮಾತನ್ನು ಪತ್ರಿಕೆಗಳಲ್ಲಿ ಓದುವಾಗೆಲ್ಲ ನನಗೆ ಈ ಸಂಜೆ ನೆನಪಾಗುತ್ತದೆ. ಇಲ್ಲಿ ಯಾವ ಕೌಶಲದ ಕೊರತೆಯಿತ್ತು? ಮಲ್ಟಿಮೀಟರ್ ಹಿಡಿಯಲು ಬರುತ್ತಿತ್ತು, ಸೂತ್ರ ಗೊತ್ತಿತ್ತು, ಮ್ಯಾನ್ಯುಯಲ್ ಓದಲು ನನಗಿಂತ ಚೆನ್ನಾಗಿ ಬರುತ್ತಿತ್ತು.

ಆಕೆ ಕಾಗದ ತೆಗೆದುಕೊಂಡು ಚಿತ್ರ ಬರೆದಳು. ಸೆನ್ಸರ್, ಎರಡು ಗೆರೆ, ಕಂಟ್ರೋಲರ್. ಪುಸ್ತಕದಲ್ಲಿ ಇರುವ ಹಾಗೆಯೇ. ಪುಸ್ತಕದ ಗೆರೆಗೆ ಉದ್ದವಿಲ್ಲ, ದಪ್ಪವಿಲ್ಲ, ರೆಸಿಸ್ಟೆನ್ಸ್ ಇಲ್ಲ. ನಾನು ಬಾಯಿ ಬಿಡಬೇಕು ಅನ್ನುವಷ್ಟರಲ್ಲಿ ಅವಳೇ ಆ ಗೆರೆಗಳ ಮೇಲೆ ಪೆನ್ನಿನ ತುದಿಯನ್ನು ಇಟ್ಟು, “ಪ್ಯಾನೆಲ್ ಡ್ರೈಯರಿನಿಂದ ಎಷ್ಟು ದೂರ ಇದೆ ಸರ್?” ಎಂದಳು. ಅಲ್ಲಿಗೆ ಹೋಗಿ ಬಂದವಳು ಅವಳು, ಪ್ರಶ್ನೆ ನನಗೆ! ನಾನು ನಕ್ಷೆಯನ್ನು ತೆಗೆದೆ. ನಕ್ಷೆಯಲ್ಲಿ ಪ್ಯಾನೆಲ್ ಡ್ರೈಯರಿನ ಪಕ್ಕದಲ್ಲೇ ಇತ್ತು. “ಇಲ್ಲ ಸರ್, ಅದು ಗೋದಾಮಿನಲ್ಲಿ ಇದೆ” ಎಂದಳು.

ಐಸು, ಕುದಿಯುವ ನೀರು

ಮರುದಿನ ಬೆಳಗ್ಗೆ ಮತ್ತೆ ಹೊರಟಳು. ಹೋಗುವಾಗ ಏನು ಮಾಡುತ್ತೀಯ ಎಂದು ಕೇಳಿದೆ. ಕರಗುತ್ತಿರುವ ಐಸಿನಲ್ಲಿ ಸೆನ್ಸರ್ ಇಟ್ಟು ನೋಡುತ್ತೇನೆ ಎಂದಳು. ಥರ್ಮಾಮೀಟರಿಗೆ ಗುರುತು ಹಾಕುವ ಎರಡು ಸ್ಥಿರ ಬಿಂದುಗಳ ಪಾಠ, ಅದು ಪದವಿಯದ್ದಲ್ಲ, ಅದಕ್ಕೂ ಹಿಂದಿನ ತರಗತಿಗಳದು. ಯಾವ ಪಾಠ ಯಾವಾಗ ಮೇಲೆದ್ದು ಬರುತ್ತದೆ ಎಂದು ಯಾರು ಹೇಳಬಲ್ಲರು.

ಬೆಳೆಗಾರರ ಮನೆಯ ಫ್ರಿಜ್ಜಿನಿಂದ ಐಸು ತರಿಸಿ, ಪುಡಿ ಮಾಡಿ, ಸ್ಟೀಲ್ ಚೊಂಬಿನಲ್ಲಿ ನೀರಿನ ಜೊತೆ ಕಲಸಿ, ಸೆನ್ಸರನ್ನು ಅದ್ದಿದಳು. ಡಿಸ್‌ಪ್ಲೇ ಇಳಿದು ಇಳಿದು 5.4ಕ್ಕೆ ನಿಂತಿತು. ಸೊನ್ನೆ ತೋರಿಸಬೇಕಾದ್ದು ಐದೂವರೆ ತೋರಿಸುತ್ತಿದೆ. ರೈಟರು ಏನೂ ಹೇಳಲಿಲ್ಲವಂತೆ. ಒಲೆಯ ಮೇಲೆ ನೀರು ಇಡಲು ಮಾತ್ರ ಹೇಳಿ ಕಳಿಸಿದರಂತೆ.

ಕುದಿಯುವ ನೀರಿನಲ್ಲಿ ಡಿಸ್‌ಪ್ಲೇ 102.6. ಇಲ್ಲಿ ಆಕೆ ತಬ್ಬಿಬ್ಬಾದಳು. ಸಿಗ್ನಲ್ ಸಿಗುವ ದಿಬ್ಬಕ್ಕೆ ಹತ್ತಿ ನನಗೆ ಫೋನ್ ಮಾಡಿದಳು. “ಕೆಳಗೆ 5.4 ಹೆಚ್ಚು, ಮೇಲೆ 2.6 ಮಾತ್ರ ಹೆಚ್ಚು. ತಂತಿಯದೇ ತಪ್ಪಾದರೆ ಎರಡೂ ಕಡೆ ಒಂದೇ ಆಗಬೇಕಿತ್ತು ಸರ್. ನನ್ನ ಊಹೆ ತಪ್ಪು ಅನ್ನಿಸುತ್ತದೆ.”

“ನೀನು ಎಲ್ಲಿ ನಿಂತಿದ್ದೀಯ?”

“ಪಲ್ಪರ್ ಮನೆಯ ಹಿಂದಿನ ದಿಬ್ಬದ ಮೇಲೆ.”

“ದಿಬ್ಬ ಸಮುದ್ರದಿಂದ ಎಷ್ಟು ಮೇಲಿದೆ?”

ಆ ಕಡೆಯಿಂದ ಒಂದು ಸಣ್ಣ “ಅಯ್ಯೋ” ಕೇಳಿಸಿತು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಮುನ್ನೂರು ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ ಅಲ್ಲಿ ನೀರು 97ರ ಹತ್ತಿರವೇ ಕುದಿಯುತ್ತದೆ. 97ಕ್ಕೆ ಐದೂವರೆ ಸೇರಿಸಿದರೆ ನೂರಾ ಎರಡೂವರೆ. ಎರಡೂ ತುದಿಯಲ್ಲಿ ತಪ್ಪು ಒಂದೇ. ನೀರು ನೂರರಲ್ಲಿ ಕುದಿಯುತ್ತದೆ ಎಂಬುದು ಮಂಗಳೂರಿನ ಸತ್ಯ, ಸಕಲೇಶಪುರದ್ದಲ್ಲ.

ಆಮೇಲೆ ಕೆಲಸ ಸಲೀಸು. ಪ್ಯಾನೆಲ್ ತೆರೆದು ಟರ್ಮಿನಲ್ ನೋಡಿದಳು. ಇಂಥ ಸೆನ್ಸರಿಗೆ ಮೂರು ತಂತಿ ಎಳೆಯುವುದು ರೂಢಿ. ಮೂರನೆಯ ತಂತಿ ಇರುವುದೇ ಒಂದು ತಂತಿಯ ರೆಸಿಸ್ಟೆನ್ಸ್ ಎಷ್ಟು ಎಂದು ಕಂಟ್ರೋಲರ್ ತಾನೇ ಅಳೆದು ಕಳೆಯಲಿ ಎಂದು. ಇಲ್ಲಿ ಬಂದಿದ್ದುದು ಎರಡೇ. ಮೂರನೆಯ ಟರ್ಮಿನಲ್ಲನ್ನು ಎರಡನೆಯದಕ್ಕೆ ಒಂದು ತುಂಡು ವೈರಿನಿಂದ ಸೇರಿಸಿತ್ತು. ಹಾಗೆ ಮಾಡಿದರೆ ಕಂಟ್ರೋಲರ್ ತಕರಾರು ಮಾಡುವುದಿಲ್ಲ, ದೋಷದ ಸಂಕೇತ ತೋರಿಸುವುದಿಲ್ಲ, ನಯವಾಗಿ ಸುಳ್ಳು ಹೇಳುತ್ತದೆ.

ಅಟ್ಟದ ತೊಲೆಗಳ ಗುಂಟ ಕೇಬಲ್ ಹಿಡಿದು ಹೋದಾಗ ಜಾಯಿಂಟ್ ಸಿಕ್ಕಿತು, ಇನ್ಸುಲೇಷನ್ ಟೇಪು ಸುತ್ತಿದ್ದು. ಅಲ್ಲಿಂದ ಗೋದಾಮಿನವರೆಗೆ ಮೂವತ್ತು ಮೀಟರ್, ಅರ್ಧ ಚದರ ಮಿಲಿಮೀಟರಿನ ಎರಡೆಳೆ ತಂತಿ. ಹೋಗಿ ಬರುವ ದಾರಿ ಸೇರಿ ಅರವತ್ತು ಮೀಟರ್. ಅಷ್ಟು ತೆಳುವಾದ ತಾಮ್ರಕ್ಕೆ ಮೀಟರಿಗೆ ಸುಮಾರು 0.035 ಓಮ್. ಒಟ್ಟು 2.1 ಓಮ್. ಅದನ್ನು 0.385ರಿಂದ ಭಾಗಿಸಿದರೆ 5.45 ಡಿಗ್ರಿ. ಸಿಮೆಂಟ್ ಚೀಲದ ತುಂಡಿನ ಮೇಲೆ ಆಕೆ ಮಾಡಿದ ಈ ಲೆಕ್ಕದ ಫೋಟೊ ನನ್ನ ಮೊಬೈಲಿನಲ್ಲಿ ಇನ್ನೂ ಇದೆ. ನಮ್ಮ ಊರಿನ ಸಾಲಗಾಮೆ ರಸ್ತೆಯಲ್ಲಿ ಕುಳಿತು ಇಸ್ರೋದವರು 36,000 ಕಿಲೋಮೀಟರ್ ದೂರದ ಉಪಗ್ರಹಗಳ ಆರೋಗ್ಯ ನೋಡಿಕೊಳ್ಳುತ್ತಾರೆ. ನನ್ನ ಪ್ಯಾನೆಲಿಗೆ ಮೂವತ್ತು ಮೀಟರ್ ದೂರದ ಕಾಫಿಯ ಬಿಸಿ ತಿಳಿಯಲಿಲ್ಲ.

ಅಂದರೆ ಡಿಸ್‌ಪ್ಲೇ 40 ಎಂದಾಗ ಕಾಫಿ ಇದ್ದದ್ದು 34.6ರಲ್ಲಿ. ನಮ್ಮ ಅಂಗೈಯ ಚರ್ಮದ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಅಷ್ಟೇ ಬಿಸಿಯಿರುವ ವಸ್ತುವನ್ನು ಮುಟ್ಟಿದರೆ ಕೈಗೆ ಬಿಸಿಯೂ ಅನ್ನಿಸುವುದಿಲ್ಲ, ತಣ್ಣಗೂ ಅನ್ನಿಸುವುದಿಲ್ಲ. ‘ಬಿಸಿಯೇ ಇಲ್ಲವಲ್ಲ’ ಎಂಬ ರೈಟರ ಮಾತು ಒಂದು ಅಳತೆಯಾಗಿತ್ತು, ನಮ್ಮ ಅಳತೆಗಿಂತ ಸರಿಯಾದದ್ದು.

ತಪ್ಪಿನ ಜಾಡು

ಪ್ಯಾನೆಲಿಗೆ ಹೊಗೆ ತಾಗುತ್ತದೆ, ಗೋದಾಮಿನಲ್ಲಿ ಇಡಿ ಎಂದು ಬೆಳೆಗಾರರು ಕೂರಿಸುವ ದಿನ ಹೇಳಿದ್ದರು. ನ್ಯಾಯವಾದ ಮಾತು. ತಂದಿದ್ದ ಮೂರೆಳೆ ಕೇಬಲ್ ಸಾಲಲಿಲ್ಲ. ನಮ್ಮ ಎಲೆಕ್ಟ್ರಿಷಿಯನ್, ಐಟಿಐ ಮಾಡಿ ಹನ್ನೆರಡು ವರ್ಷದಿಂದ ನಮ್ಮಲ್ಲಿರುವವನು, ಗಾಡಿಯಲ್ಲಿದ್ದ ಎರಡೆಳೆ ತಂತಿಯನ್ನು ಸೇರಿಸಿದ. ಡಿಸ್‌ಪ್ಲೇ ದೋಷ ತೋರಿಸಿತು. ಎರಡು ಟರ್ಮಿನಲ್ ಸೇರಿಸಿದರೆ ಅದು ಹೋಗುತ್ತದೆ ಎಂಬ ಅನುಭವ ಅವನಿಗಿತ್ತು, ಸೇರಿಸಿದ. ಬಸ್ಸಿನ ಹೊತ್ತಾಗಿತ್ತು. ನಾನು ಡಿಸ್‌ಪ್ಲೇಯಲ್ಲಿ ಏನೋ ಒಂದು ಅಂಕೆ ಬರುತ್ತಿದೆ ಎಂದು ನೋಡಿ ಸಹಿ ಹಾಕಿದೆ. ನನ್ನ ಜೇಬಿನಲ್ಲಿ ನೂರು ರೂಪಾಯಿಯ ಥರ್ಮಾಮೀಟರ್ ಇದ್ದಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ.

ಎಲೆಕ್ಟ್ರಿಷಿಯನ್‌ಗೆ ಕಂಟ್ರೋಲರಿನ ಬಾಯಿ ಮುಚ್ಚಿಸುವುದು ಗೊತ್ತಿತ್ತು, ಅದು ಯಾಕೆ ತಪ್ಪು ಎಂಬುದು ಗೊತ್ತಿರಲಿಲ್ಲ. ಟ್ರೈನಿಗೆ ಯಾಕೆ ತಪ್ಪು ಎಂಬುದು ಗೊತ್ತಿತ್ತು, ಜನ ಹೀಗೂ ಮಾಡುತ್ತಾರೆ ಎಂಬುದು ಗೊತ್ತಿರಲಿಲ್ಲ. ಮೊದಲ ಭೇಟಿಯಲ್ಲಿ ಇಬ್ಬರೂ ಒಂದೇ ಜೀಪಿನಲ್ಲಿ ಹೋಗಿದ್ದರು! ಅವನು ಅವಳನ್ನು ಮೇಡಂ ಎನ್ನುತ್ತಿದ್ದ, ಅವಳು ಅವನನ್ನು ಅಣ್ಣ ಎನ್ನುತ್ತಿದ್ದಳು, ಮರ್ಯಾದೆಗೆ ಕೊರತೆಯಿರಲಿಲ್ಲ. ಅವನು ತಂತಿಯ ವಿಷಯ ಎತ್ತಲಿಲ್ಲ, ಅವಳು ಕೇಳಲಿಲ್ಲ. ತಂತಿ ಅವನ ಇಲಾಖೆ, ಸೆಟ್ಟಿಂಗು ಅವಳ ಇಲಾಖೆ. ಐಟಿಐ, ಡಿಪ್ಲೊಮಾ, ಪದವಿ ಎಂಬ ಮೂರು ಮೆಟ್ಟಿಲನ್ನು ನಾವು ಎಷ್ಟು ಚೆನ್ನಾಗಿ ಕಟ್ಟಿದ್ದೇವೆಂದರೆ ಒಂದರ ಮೇಲೆ ನಿಂತವರಿಗೆ ಇನ್ನೊಂದರ ಮಾತು ಕೇಳಿಸುವುದಿಲ್ಲ. ಡಿಪ್ಲೊಮಾ ಮುಗಿಸಿ ನೇರ ಎರಡನೆಯ ವರ್ಷದ ಪದವಿಗೆ ಸೇರಿದ ಮಕ್ಕಳು ನನ್ನ ವರ್ಕ್‌ಶಾಪಿನಲ್ಲಿ ಬೇಗ ಹೊಂದಿಕೊಳ್ಳುವುದಕ್ಕೆ ಇದೇ ಕಾರಣ ಇರಬಹುದು.

870 ಮತ್ತು 990

ಮೊದಲ ದಿನ ಡಿಸ್‌ಪ್ಲೇಯನ್ನು ಯಾಕೆ ನಂಬಿದೆ ಎಂದು ಆಮೇಲೊಮ್ಮೆ ಚಹಾ ಕುಡಿಯುವಾಗ ಕೇಳಿದೆ. ಬೈಯಲು ಕೇಳಿದ್ದಲ್ಲ ಎಂದು ಗೊತ್ತಾದ ಮೇಲೆ ಆಕೆ ಒಂದು ಕಥೆ ಹೇಳಿದಳು. ಎರಡನೆಯ ವರ್ಷದ ಪ್ರಯೋಗಾಲಯದಲ್ಲಿ ಒಂದು ಫಿಲ್ಟರ್ ಪ್ರಯೋಗ. ಲೆಕ್ಕದ ಪ್ರಕಾರ 1,000 ಹರ್ಟ್ಸ್ ಬರಬೇಕು. ಇವರ ಬೋರ್ಡಿನಲ್ಲಿ 870 ಬಂತು. ಮೂರು ಸಲ ಮಾಡಿದರೂ 870. ರೆಕಾರ್ಡಿನಲ್ಲಿ 990 ಎಂದು ಬರೆದರು. ಸಾವಿರ ಎಂದೇ ಬರೆದರೆ ಅನುಮಾನ ಬರುತ್ತದಲ್ಲ. ಸಹಿ ಸಿಕ್ಕಿತು.

ಅಗ್ಗದ ಕೆಪಾಸಿಟರುಗಳು ಮೈಮೇಲೆ ಬರೆದುಕೊಂಡ ಮೌಲ್ಯಕ್ಕಿಂತ ನೂರಕ್ಕೆ ಹತ್ತು, ಇಪ್ಪತ್ತು ಆಚೀಚೆ ಇರುವುದು ಸಾಮಾನ್ಯ. 870 ಬಂದದ್ದು ಆ ಕಾರಣಕ್ಕೇ ಇರಬೇಕು. ಆ ಮಧ್ಯಾಹ್ನ ಆ ಬೋರ್ಡು ಅವರಿಗೆ ಕಲಿಸಬಹುದಾಗಿದ್ದ ಪಾಠವೆಲ್ಲ 870 ಎಂಬ ಆ ಅಂಕೆಯಲ್ಲಿತ್ತು, ಅದನ್ನು ಅಳಿಸಿ ಹಾಕಿದರು. ಕಾಲೇಜಿನಲ್ಲಿ ಅಳತೆಯನ್ನು ಸೂತ್ರಕ್ಕೆ ಒಗ್ಗಿಸಿದವಳು ತೋಟದಲ್ಲಿ ಡಿಸ್‌ಪ್ಲೇ ಮುಂದೆ ಕೈಕಟ್ಟಿ ನಿಂತಳು. ನೋಡಲು ಎರಡೂ ಬೇರೆ. ಆದರೆ ಎರಡು ಕಡೆಯೂ ‘ಈ ಅಂಕೆ ಎಲ್ಲಿಂದ ಬಂತು’ ಎಂದು ಕೇಳಿದ್ದಿಲ್ಲ. ನಾಲ್ಕು ವರ್ಷದಲ್ಲಿ, ಆಗಿನ ಲೆಕ್ಕದ 175 ಕ್ರೆಡಿಟ್ಟಿನಲ್ಲಿ, ಉತ್ತರ ಮೊದಲೇ ಗೊತ್ತಿಲ್ಲದ ಒಂದೇ ಒಂದು ಪ್ರಯೋಗವನ್ನೂ ಆಕೆ ಮಾಡಿರಲಿಲ್ಲ.

ಮೇಷ್ಟರುಗಳನ್ನು ದೂರಲಾರೆ. ಮೂರು ಗಂಟೆಯ ಅವಧಿ, ಇಪ್ಪತ್ತು ಬೋರ್ಡು, ಅದರಲ್ಲಿ ನಾಲ್ಕು ಕೆಟ್ಟಿರುತ್ತವೆ. ಪ್ರತಿಯೊಂದು ತಂಡದ 870ರ ಹಿಂದೆ ಹೋಗಲು ಯಾರಿಗೆ ಪುರುಸೊತ್ತು? ಕ್ರೆಡಿಟ್ಟಿನ ಲೆಕ್ಕದಲ್ಲೂ ಎರಡು ಗಂಟೆಯ ಪ್ರಯೋಗಾಲಯ ಒಂದು ಗಂಟೆಯ ಪಾಠಕ್ಕೆ ಸಮ.

ಒಂದು ಕಾಲೇಜಿನ ಸಲಹಾ ಸಮಿತಿಯಲ್ಲಿ ‘ಉದ್ಯಮದ ಪ್ರತಿನಿಧಿ’ ಎಂದು ನನ್ನನ್ನು ಕೂರಿಸಿದ್ದರು. ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ 2014ರಲ್ಲಿ ಭಾರತ ಪೂರ್ಣ ಸದಸ್ಯನಾದ ಮೇಲೆ ಪದವೀಧರರಲ್ಲಿ ಇರಬೇಕಾದ ಗುಣಗಳ ಪಟ್ಟಿ, ಆಗ ಹನ್ನೆರಡು, ಎಲ್ಲ ಕಾಲೇಜಿನ ಗೋಡೆಯ ಮೇಲೂ ಬಂದಿತ್ತು. ಸಮಸ್ಯೆ ಬಿಡಿಸುವುದು, ತಂಡದಲ್ಲಿ ದುಡಿಯುವುದು, ಜೀವನವಿಡೀ ಕಲಿಯುವುದು. ಪಟ್ಟಿಯ ಮೇಲೆ ನನಗೆ ತಕರಾರಿಲ್ಲ. ಪ್ರತಿ ವಿಷಯವೂ ಪ್ರತಿ ಗುಣವನ್ನು ಎಷ್ಟು ಸಾಧಿಸಿತು ಎಂಬುದಕ್ಕೆ ಮೂರರಲ್ಲಿ ಇಷ್ಟು ಎಂಬ ಕೋಷ್ಟಕವನ್ನು ಪರದೆಯ ಮೇಲೆ ತೋರಿಸಿದರು. ‘ತಂಡದಲ್ಲಿ ದುಡಿಯುವ ಗುಣ: 2.4.’ ಈ 2.4 ಎಲ್ಲಿಂದ ಬಂತು ಎಂದು ಕೇಳಿದೆ. ಯಾರೋ ಕಾಫಿ ತರಿಸಿದರು.

ಆದರೆ ಅದೇ ಸಭೆಯಲ್ಲಿದ್ದ ಒಬ್ಬ ಅಧ್ಯಾಪಕರು ಹೊರಗೆ ಬಂದು ನನ್ನ ಡ್ರೈಯರ್ ಕಥೆಯನ್ನು ಪೂರ್ತಿ ಕೇಳಿಸಿಕೊಂಡರು. ಮುಂದಿನ ಸೆಮಿಸ್ಟರಿನಲ್ಲಿ ಯಾರಿಗೂ ಹೇಳದೆ ಒಂದು ಬೋರ್ಡಿನ ಕೆಪಾಸಿಟರನ್ನು ಬದಲಿಸಿ ಇಟ್ಟರು, ಉತ್ತರ ಅರ್ಧಕ್ಕರ್ಧ ತಪ್ಪಬೇಕು. ಆ ಬೋರ್ಡಿನ ತಂಡವೂ ರೆಕಾರ್ಡಿನಲ್ಲಿ ಸರಿಯಾದ ಉತ್ತರವನ್ನೇ ಬರೆಯಿತು ಎಂದು ಫೋನ್ ಮಾಡಿ ಹೇಳಿದರು. ನಗುತ್ತಿದ್ದರೋ ಇಲ್ಲವೋ ಗೊತ್ತಾಗಲಿಲ್ಲ.

ಪದವಿಯ ಪಾಲು

ಹಾಗೆಂದು ಪದವಿ ದಂಡ ಎನ್ನುವವರ ಗುಂಪಿಗೆ ನಾನು ಸೇರುವವನಲ್ಲ. ಎರಡನೆಯ ಭೇಟಿಯ ಸಂಜೆ ನಡೆದದ್ದನ್ನು ನೋಡಿ. ಎಲೆಕ್ಟ್ರಿಷಿಯನ್ ಒಂದು ಉಪಾಯ ಹೇಳಿದ: ಕಂಟ್ರೋಲರಿನೊಳಗೆ 5.4 ಕಳೆದು ತೋರಿಸು ಎಂಬ ಸೆಟ್ಟಿಂಗು ಇದೆ, ಅದನ್ನು ಹಾಕಿದರೆ ಮುಗಿಯಿತು, ಕೇಬಲ್ ಯಾಕೆ ಬದಲಿಸಬೇಕು? ಬೆಳೆಗಾರರಿಗೂ ಅದು ಒಪ್ಪಿಗೆ. ಈಕೆ ಒಪ್ಪಲಿಲ್ಲ. ತಂತಿಯ ರೆಸಿಸ್ಟೆನ್ಸ್ ಬಿಸಿಯ ಜೊತೆ ಬದಲಾಗುವುದು ಅಲ್ಪ, ಅದು ಪರವಾಗಿಲ್ಲ. ಆದರೆ ಆ ಟೇಪು ಸುತ್ತಿದ ಜಾಯಿಂಟು ಒಲೆಯ ಹೊಗೆಯಲ್ಲಿ, ಮಲೆನಾಡಿನ ತೇವದಲ್ಲಿ, ಒಂದು ಮಳೆಗಾಲ ಕಳೆದರೆ ಕಿಲುಬು ಹಿಡಿಯುತ್ತದೆ, ಈಗಿನ 5.4 ಮುಂದಿನ ಕೊಯ್ಲಿಗೆ ಎಷ್ಟಾಗುತ್ತದೋ ಯಾರಿಗೆ ಗೊತ್ತು. ಅಂಕೆ ಸರಿ ಕಾಣುತ್ತದೆ ಎಂಬ ಧೈರ್ಯದಲ್ಲಿ ಮತ್ತೆ ಯಾರೂ ನೋಡುವುದಿಲ್ಲ.

ಕೇಬಲ್ ಬರಲು ಎರಡು ದಿನ ಬೇಕಿತ್ತು, ಕಾಫಿ ಕಾಯುವಂತಿರಲಿಲ್ಲ. ಆಕೆ ಆ ರಾತ್ರಿಯ ಮಟ್ಟಿಗೆ ಅದೇ ಸೆಟ್ಟಿಂಗನ್ನು ಹಾಕಿದಳು, ಕೇಬಲಿಗೂ ಬರೆದುಕೊಂಡಳು. ಡ್ರೈಯರ್ ಆ ರಾತ್ರಿಯೇ ಬೇರೆ ರೀತಿ ಓಡಿತು. ಯಾವುದನ್ನು ಈಗ ಮಾಡಬಹುದು, ಯಾವುದನ್ನು ಬಿಡಲಾಗದು ಎಂಬ ಆ ತೀರ್ಮಾನದ ಹಿಂದೆ ನಾಲ್ಕು ವರ್ಷದ ಓದು ಇತ್ತು. ಹನ್ನೆರಡು ವರ್ಷದ ಅನುಭವಕ್ಕೆ ಅದು ಹೊಳೆದಿರಲಿಲ್ಲ, ನನ್ನ ಆತುರಕ್ಕಂತೂ ಹೊಳೆಯುತ್ತಲೇ ಇರಲಿಲ್ಲ. ಹದಿಮೂರು ತೇವದ ಚೀಲಗಳ ನಷ್ಟವನ್ನು ನಾವು ತುಂಬಿಕೊಟ್ಟೆವು.

2023ರ ಜೂನಿನಲ್ಲಿ ಬೆಂಗಳೂರಿನ ಕಂಪನಿ ಕೊನೆಗೂ ಕರೆಯಿತು. ವರ್ಷಕ್ಕೆ ಮೂರೂವರೆ ಲಕ್ಷ. ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ, ಹೋದಳು. ಈಗ ಯಾವುದೋ ಬ್ಯಾಂಕಿನ ತಂತ್ರಾಂಶವನ್ನು ಪರೀಕ್ಷಿಸುವ ಕೆಲಸ. ವರದಿಯಲ್ಲಿ ಒಂದು ಮೊತ್ತ ಅನುಮಾನ ಹುಟ್ಟಿಸಿತು, ಅದು ಎಲ್ಲಿಂದ ಬಂತು ಎಂದು ಕೇಳಿದ್ದಕ್ಕೆ ಮೂರು ತಂಡಗಳು ಒಂದು ವಾರ ಹುಡುಕಿದವು ಎಂದು ಮೆಸೇಜ್ ಕಳಿಸಿದ್ದಳು. ನಮ್ಮಲ್ಲಿ ಈಗ ಹೊಸ ಟ್ರೈನಿ ಬಂದ ಮೊದಲ ದಿನ ಒಂದು ಚೊಂಬು ಐಸು ಕೊಡುತ್ತೇವೆ.

ಕೇಬಲ್ ಬದಲಿಸಿದ ದಿನದ ವಿಷಯ ಹೇಳುವುದು ಬಿಟ್ಟುಹೋಯಿತು. ಆ ದಿನ ಟ್ರೈನಿಗೆ ಬೇರೆ ಕೆಲಸವಿತ್ತು, ಎಲೆಕ್ಟ್ರಿಷಿಯನ್ ಒಬ್ಬನೇ ಹೋದ. ಹೊಸ ಮೂರೆಳೆ ಕೇಬಲನ್ನು ಅಚ್ಚುಕಟ್ಟಾಗಿ ಎಳೆದ, ತುಂಡು ವೈರನ್ನು ಕಿತ್ತ, ಪ್ಯಾನೆಲ್ ಮುಚ್ಚಿದ. ಕಂಟ್ರೋಲರ್ ಮಾತ್ರ ಒಳಗೊಳಗೇ ಇನ್ನೂ 5.4 ಕಳೆಯುತ್ತಲೇ ಇತ್ತು. ಹಾಗೆಯೇ ಬಿಟ್ಟಿದ್ದರೆ ಈ ಸಲ 40 ಎಂದು ತೋರಿಸುತ್ತ ಕಾಫಿಯನ್ನು 45ಕ್ಕೆ ಕಾಯಿಸುತ್ತಿತ್ತು. ಅವನು ಚೀಲ ಹೆಗಲಿಗೇರಿಸಿ ಹೊರಟಾಗ ರೈಟರು ಪ್ಯಾನೆಲಿನ ಮುಂದೆ ನಿಂತು ಬಾಗಿಲಿಗೆ ಅಂಟಿಸಿದ್ದ ಚೀಟಿಯನ್ನು ಓದುತ್ತಿದ್ದರು. ನಮ್ಮ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿ ಇರುತ್ತವೆ. ಇದೊಂದನ್ನು ಆಕೆ ಹಟ ಹಿಡಿದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿದ್ದಳು, ರಾತ್ರಿ ಇದರ ಮುಂದೆ ಇರುವವರು ರೈಟರು ತಾನೇ ಎಂದು. ‘ಇದು ತಾತ್ಕಾಲಿಕ. ತಂತಿಯ ತಪ್ಪಿಗಾಗಿ 5.4 ಕಳೆದು ತೋರಿಸುತ್ತಿದೆ. ಹೊಸ ಕೇಬಲ್ ಹಾಕಿದ ದಿನವೇ ಇದನ್ನು ಸೊನ್ನೆ ಮಾಡಬೇಕು. ಮರೆತರೆ ಕಾಫಿ ಬೇಯುತ್ತದೆ.’

“ಸೊನ್ನೆ ಮಾಡಿದೆಯೇನಪ್ಪಾ?” ಎಂದು ಕೇಳಿದರು ರೈಟರು.

ಎಲೆಕ್ಟ್ರಿಷಿಯನ್ ಚೀಲವನ್ನು ಕೆಳಗಿಟ್ಟ.